ಏಳನೇ ನಂಬರಿನ ಗಾಡಿ

ಮೊದಲು ಕೇಳಿಸಿದ್ದು ನನಗಲ್ಲ,
ಹುಲಿಗೆವ್ವಗೆ.
ವಾರ್ಕಾದ ಈ ರೆಸಾರ್ಟಿನ ಹುಲ್ಲಿಗೆ ನೀರು ಬಿಡುತ್ತ
ಪೈಪು ಕೈಯಲ್ಲಿ ಹಿಡಿದೇ ಹೇಳಿದಳು:
"ನಿನ್ನ ಏಳನೇ ನಂಬರ ಗಾಡಿ
ದುಂಬಿ ನುಂಗೇತೋ ತಮ್ಮಾ."

ನಕ್ಕೆ. ಬ್ಯಾಟರಿ ಗಾಡಿಗೆ ಎಂಥಾ ಸದ್ದು?
ಲಗೇಜು, ಅಜ್ಜಿಯಂದಿರು, ಮದುವೆಯ ಹಾರದ ಬುಟ್ಟಿ,
ಒಮ್ಮೆ ಒಬ್ಬ ವರ, ಕುದುರೆ ಬಾರದ್ದಕ್ಕೆ, ಪೇಟ ಸಮೇತ,
ಎಲ್ಲವನ್ನೂ ಹೊತ್ತು ತಿರುಗಿದೆ ಹನ್ನೊಂದು ವರ್ಷ
ಸಮುದ್ರದ ಬದಿಯ ಅದೇ ಒಂದೂವರೆ ಕಿಲೋಮೀಟರು.
ಉಪ್ಪುಗಾಳಿ ಯಾರನ್ನೂ ಕೇಳಿ ಒಳಗೆ ಹೋಗುವುದಿಲ್ಲ.

ಇನಾಸ್ ಮೇಸ್ತ್ರಿ ಬಂದರು. ಎರಡೂ ಕಿವಿ ಮಂದ,
ನಲವತ್ತು ವರ್ಷ ಅದಿರಿನ ಬಾರ್ಜುಗಳ ಎಂಜಿನ್ನಿಗೆ ಕೊಟ್ಟು ಬಂದ ಕಿವಿ.
ಹಿಂದಿನ ಗಾಲಿಯನ್ನು ಜಾಕಿನ ಮೇಲೆ ಎತ್ತಿಸಿ
ಉದ್ದನೆಯ ಸ್ಕ್ರೂಡ್ರೈವರಿನ ತುದಿ ಅಚ್ಚಿನ ಕೊಳವೆಗೆ ಊರಿ
ಹಿಡಿಯನ್ನು ಹಲ್ಲಲ್ಲಿ ಕಚ್ಚಿದರು.
ತಿರುಗಿಸು ಅಂತ ಕೈಯಲ್ಲೇ ಹೇಳಿದರು.
ಗಾಲಿ ತಿರುಗಿತು. ಅವರ ದವಡೆ ಕೇಳಿಸಿಕೊಂಡಿತು.
ಆಮೇಲೆ ಬಾಯಿಂದ ತೆಗೆದು, ಉಗುಳಿ, ಒಂದೇ ಮಾತು:
"ಎಡಗಡೇದು ಸತ್ತಿದೆ. ಬಲಗಡೇದಕ್ಕೆ ಇನ್ನೂ ಗೊತ್ತಿಲ್ಲ."

ಕಡಾಣಿ ಅಂದೆ ನಾನು, ಕಾಟರ್ ಪಿನ್ ಅಂದರು ಅವರು.
ತುಕ್ಕಿಗೆ ಎರಡೂ ಭಾಷೆ ತಿಳಿಯಲಿಲ್ಲ, ಮುರಿದೇ ಬಂತು.
ಡ್ರಮ್ಮು ಬಿಡಲೊಲ್ಲದು: ಸೀಮೆಎಣ್ಣೆ, ಮರದ ಸುತ್ತಿಗೆ, ಬೈಗುಳ,
ಮತ್ತೆ ಬೈಗುಳ, ಈ ಸಲ ಕೊಂಕಣಿಯಲ್ಲಿ.
ಸರ್ಕ್ಲಿಪ್ ಚಿಮ್ಮಿ ದಾಸವಾಳದ ಬೇಲಿಯೊಳಗೆ ಹೋಯಿತು.
ಅರ್ಧ ತಾಸು ಮೊಣಕಾಲೂರಿ ಹುಡುಕಿದೆವು
ಪೂಜೆಗೆ ಹೂ ಆಯುವವರ ಹಾಗೆ.

ಅಚ್ಚು ಹೊರಬಂದಾಗ ಬೇರಿಂಗನ್ನು ಬೆರಳಿಂದ ತಿರುವಿದೆ:
ಒಳಗೆ ಯಾರೋ ಜೋಳದ ನುಚ್ಚು ಬೀಸುತ್ತಿದ್ದರು.
ಕೀಲೆಣ್ಣೆ ಒಣಗಿ ಕಂದು ಹಿಟ್ಟಾಗಿತ್ತು,
ಗುಂಡುಗಳ ಮೈಮೇಲೆ ಸಿಡುಬಿನ ಕಲೆ.
ಒಂಬತ್ತರಲ್ಲಿ ಒಂದಂತೂ ಗುಂಡೇ ಅಲ್ಲ, ಹುಣಸೆಬೀಜ.

ಹೊಸ ಜೋಡಿ ಮಡಗಾಂವಿನಿಂದ ತಂದೆ.
ಪ್ರಿಯೋಳ್ಕರ್ ಸಾಹೇಬರು ಬಿಲ್ಲನ್ನು ಎರಡು ಸಲ ಓದಿದರು.
ಕುಗ್ಗಲಿ ಅಂತ ಅಚ್ಚನ್ನು ಪ್ಲಾಸ್ಟಿಕ್ ಸುತ್ತಿ
ರಾತ್ರಿಯಿಡೀ ಅಡುಗೆಮನೆಯ ಫ್ರೀಜರಿನಲ್ಲಿ ಮಲಗಿಸಿದೆವು
ಇಸೋಣ ಮೀನಿನ ಪಕ್ಕ.
ಅಡುಗೆಯವ ನೋಡಿದ. ಏನೂ ಕೇಳಲಿಲ್ಲ.

ಕೂಡಿಸುವಾಗ ಮೇಸ್ತ್ರಿ ನನ್ನ ಮಣಿಕಟ್ಟು ಹಿಡಿದರು:
"ಹೊರಬಳೆಗೆ ಹೊಡೆದರೆ ಏಟು ಗುಂಡುಗಳಿಗೆ ಬೀಳುತ್ತೆ.
ಒಳಬಳೆಗೆ ಹೊಡಿ. ಯಾವುದು ಅಚ್ಚಿಗೆ ಅಂಟಬೇಕೋ ಅದಕ್ಕೇ."
ಬೈನಾದ ನಮ್ಮ ಖೋಲಿಯ ಜಗಳಗಳಿಗೂ
ಇದು ಹೊಂದುತ್ತದೋ ಎಂದು ಯೋಚಿಸುತ್ತಿದ್ದೆ,
ಅಷ್ಟರಲ್ಲಿ ಸುತ್ತಿಗೆ ಹೆಬ್ಬೆರಳಿಗೆ ಬಿತ್ತು.

ಸಂಜೆ ಏಳನೇ ನಂಬರು ಹೊರಟಿತು. ಸದ್ದೇ ಇಲ್ಲ.
ಮೇಸ್ತ್ರಿಗೆ ಹೆಬ್ಬೆರಳೆತ್ತಿ ತೋರಿಸಿದೆ, ಬಟ್ಟೆ ಕಟ್ಟಿದ್ದನ್ನೇ.
ಅವರಿಗೆ ಅಷ್ಟು ಸಾಕಾಯಿತು. ಬಸ್ಸು ಹತ್ತಿದರು.

ಮೂರನೇ ದಿನ ತಿರುವಿನಲ್ಲಿ ಹುಲಿಗೆವ್ವ ಬಿದ್ದಳು.
ಗಾಡಿ ತಾಕಲಿಲ್ಲ, ಗಾಬರಿ ತಾಕಿತು.
ಮೊಣಕೈ ತರಚಿ, ಪೈಪಿನ ನೀರೆಲ್ಲ ಸೆರಗಿಗೆ:
"ಮೊದಲ ಅದು ಬರೂದು ಬೆನ್ನಿಗೆ ತಿಳೀತಿತ್ತೋ.
ಮಾರಿ ಎತ್ತದನ ಸರೀತಿದ್ದೆ.
ಈಗ ಕಳ್ಳನಂಗ ಬರತೈತಿ.
ರಿಪೇರಿ ಮಾಡಂತ ನಿಂಗ ಯಾರ್ ಹೇಳಿದ್ರು?"

ನೀನೇ, ಅನ್ನಲಿಲ್ಲ.

ಹಳೆಯ ಬೇರಿಂಗಿನ ಹೊರಬಳೆ ಡಬ್ಬಿಯಲ್ಲಿ ಬಿದ್ದಿತ್ತು.
ಒಂದು ನಟ್ಟಿನ ಜೊತೆ ತಂತಿಗೆ ಪೋಣಿಸಿ
ಹಿಂದಿನ ಸೀಟಿನಡಿ ತೂಗಿಬಿಟ್ಟೆ.
ಹಾಸುಗಲ್ಲು ದಾಟುವಾಗ ಟಿಣ್,
ತಿರುವಿನಲ್ಲಿ ಟಿಣ್ ಟಿಣ್.

ನಿನ್ನೆ ಪ್ರಿಯೋಳ್ಕರ್ ಸಾಹೇಬರು ತಲೆ ಓರೆ ಮಾಡಿ ನಿಂತರು:
"ಇನ್ನೂ ಏನೋ ಸದ್ದು ಬರ್ತಿದೆಯಲ್ಲ?"
"ನೋಡ್ತೀನಿ ಸರ್," ಅಂದೆ.

ಆಚೆ ಕ್ರೋಟನ್ ಸಾಲಿನಲ್ಲಿ ಹುಲಿಗೆವ್ವ
ತಲೆಯೆತ್ತದೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು
ಗಾಡಿ ಹೋದಮೇಲೆ
ಅದೇ ಎರಡು ಹೆಜ್ಜೆ ವಾಪಸು ಬಂದಳು.