ಕಿರುಬೆರಳಿನ ಉಗುರು

ಬನ್ನಿ ಸಾಹೇಬ್ರೇ, ಚಪ್ಪಲಿ ಇರಲಿ,
ಬಣ್ಣದ ನೀರು ಚೆಲ್ಲಿದ ನೆಲ, ಕಾಲು ಕೆಂಪಾದೀತು.
ಅಹಮದಾಬಾದಿನ ನ್ಯಾಯಮಂಡಳಿ ಕಳಿಸಿದವರು ನೀವು,
ನನ್ನ ಬಾಳನ್ನು ಎರಡು ಪಟ್ಟಿ ಮಾಡಲಿಕ್ಕೆ:
ಮಾರಬಹುದಾದದ್ದು, ಮಾರಬಾರದ್ದು.
ಬರೆದುಕೊಳ್ಳಿ.

ಹೆಸರು ರಸೀಲಾ. ಗಂಡ ವಲ್ಲಭದಾಸ್ ಖೀಮಜಿ ಕಂಸಾರಾ,
ಹೋಗಿ ಹನ್ನೊಂದು ವರ್ಷ.
ಮನೆ ಒಂದು, ಜಾಮನಗರದ ಖಂಭಾಳಿಯಾ ಗೇಟಿನ ಒಳಗೆ,
ಮಹಡಿಗೆ ಮೆಟ್ಟಿಲು ಬೀದಿಯಿಂದ.
ಕಬ್ಬಿಣದ ಕಪಾಟು ಒಂದು, ಬೀಗ ಕೆಟ್ಟಿದೆ.
ಫ್ರಿಜ್ಜು ಒಂದು, ಅದರ ಮೈಮೇಲೆ ಕಂಪನಿಯ ಕ್ಯಾಲೆಂಡರು,
ಹೋದ ವರ್ಷದ ಮಾರ್ಚಿನಲ್ಲೇ ಉಳಿದದ್ದು.
ಮಂಗಳಸೂತ್ರವಿದ್ದರೆ ಕಾನೂನು ಬಿಟ್ಟುಕೊಡುತ್ತದೆ ಅಂದಿರಿ,
ಲಕ್ಷದೊಳಗಾದರೆ.
ಆಮೇಲೆ ನನ್ನ ಕತ್ತು ನೋಡಿ
ಆ ಕಾಲಮ್ಮಿಗೆ ನೀವೇ ಒಂದು ಗೆರೆ ಎಳೆದಿರಿ,
ಮೆಲ್ಲಗೆ.

ಕಸುಬಿನ ಸಲಕರಣೆ?
ಇದು. ಕಿರುಬೆರಳಿನ ಉಗುರು.
ಇದರ ತುದಿಯಲ್ಲಿ ಬಟ್ಟೆ ಚಿವುಟಿ ಎತ್ತಿ
ದಾರ ಸುತ್ತಿ ಬಿಗಿದರೆ ಒಂದು ಗಂಟು.
ಬಾಂಧನಿ ಸೀರೆಗೆ ಹನ್ನೆರಡು ಸಾವಿರ ಗಂಟು,
ನಲವತ್ತು ವರ್ಷದಿಂದ.
ಬೆಲೆ ಕಟ್ಟಿ. ಸವಕಳಿ ಕಳೆಯಿರಿ.

ಸಹಿ ಎಲ್ಲಿ ಹಾಕಿದ್ದು ಅಂತ ಕೇಳಿದಿರಿ.
ಇಲ್ಲೇ, ಈ ಚಾಪೆ, ದಾರದ ಉಂಡೆ ಅತ್ತ ಸರಿಸಿ.
ಮೈದುನ ಕಿರೀಟ್ ಬಂದ, ಜೊತೆಗೆ ಬ್ಯಾಂಕಿನವನು,
ಪೆನ್ಸಿಲ್ಲಿನಲ್ಲಿ ಇಪ್ಪತ್ತೆರಡು ಕಡೆ ಇಂಟು ಗುರುತು.
"ಭಾಭಿ, ಸುಮ್ಮನೆ ಜಾಮೀನು ನಿಲ್ಲಬೇಕು, ಅಷ್ಟೇ."
ನಿಲ್ಲುವುದು ತಾನೆ, ಅಂದುಕೊಂಡೆ.
ಟ್ಯಾಂಕರ್ ನೀರಿಗೆ ನಿಂತಿದ್ದೇನೆ, ರೇಷನ್ನಿಗೆ ನಿಂತಿದ್ದೇನೆ,
ಇವರು ಮಲಗಿದ್ದ ಆಸ್ಪತ್ರೆಯ ಬಿಲ್ಲಿನ ಕಿಂಡಿಯೆದುರು
ಒಂದಿಡೀ ರಾತ್ರಿ ನಿಂತಿದ್ದೇನೆ.
ನಿಂತರೆ ನಮ್ಮಪ್ಪನ ಗಂಟೇನು ಹೋಗುತ್ತದೆ?

ನಾಲ್ಕು ಕೋಟಿ ಹದಿನೆಂಟು ಲಕ್ಷ.

ಕಂಪನಿಗೂ ಇದೆಲ್ಲ ಆಯಿತು, ನನಗಿಂತ ಮೊದಲು:
ಅರ್ಜಿ, ಸಭೆ, ಸವಾಲು.
ರಾಜಕೋಟದ ಯಾರೋ ಕೊಂಡರು.
ಸಾಲವನ್ನು ಹಲಗೆಯಿಂದ ಒರೆಸಿದ ಹಾಗೆ ಒರೆಸಿ
ಗೇಟಿಗೆ ಬೇರೆ ಹೆಸರಿನ ಬೋರ್ಡು ಹಾಕಿದರು.
ದರೇಡಿನಲ್ಲಿ ಈಗಲೂ ಎಂಟೂವರೆಗೆ ಅದೇ ಸೈರನ್ನು,
ಅದೇ ಮೂಸೆಯಲ್ಲಿ ಹಿತ್ತಾಳೆ ಕರಗುತ್ತದೆ,
ಅದೇ ನಲ್ಲಿ, ಅದೇ ತಿರುಪು.
ಕಂಪನಿಗೆ ಪುನರ್ಜನ್ಮ ಉಂಟು ಸಾಹೇಬ್ರೇ,
ಅದಕ್ಕೆ ಮೈಯಿಲ್ಲ.
ನನಗಿರುವುದು ಒಂದೇ ಮೈ, ಅರವತ್ತಮೂರರದ್ದು, ಮಂಡಿ ಹಿಡಿದದ್ದು.
ಸತ್ತು ಹುಟ್ಟಿದ್ದು ಅದು, ಅದರ ಋಣ
ಇದರೊಳಗೆ ಬಂದು ಕೂತಿದೆ.

ಈಗ ನೂರೆಂಬತ್ತು ದಿನದ ಸೂತಕ.
ಯಾರೂ ನನ್ನನ್ನು ಕೇಳುವಂತಿಲ್ಲ,
ನಾನೂ ಒಂದು ಸೌಟನ್ನೂ ಮಾರುವಂತಿಲ್ಲ.
ದಿನಕ್ಕೆ ಇಪ್ಪತ್ತು ಸಲ ಬಡಿದುಕೊಳ್ಳುತ್ತಿದ್ದ ಫೋನು ಬಾಯಿ ಮುಚ್ಚಿದೆ.
ಓಣಿಯ ಹೆಂಗಸರು ಎರಡು ಮೆಟ್ಟಿಲು ಕೆಳಗಿಂದಲೇ ಮಾತಾಡಿಸುತ್ತಾರೆ.
ನಿಜ ಹೇಳಲೇ?
ಮೊದಲ ವಾರ ಒಳ್ಳೆಯ ನಿದ್ದೆ ಬಂತು.

ಭಾನುವಾರ ಕಿರೀಟ್ ಬರುತ್ತಾನೆ.
ಅದೇ ಕಾರ್ಖಾನೆಯಲ್ಲಿ ಈಗ ಸಂಬಳಕ್ಕಿದ್ದಾನೆ, ರಾತ್ರಿ ಪಾಳಿ ನೋಡುತ್ತಾನೆ.
ಅವನ ಕಡತವೂ ನಿಮ್ಮಂಥವರೊಬ್ಬರ ಕೈಯಲ್ಲಿದೆಯಂತೆ,
ನನ್ನದಕ್ಕಿಂತ ದಪ್ಪ.
ಒಳಗೆ ಬರುವುದಿಲ್ಲ. ಹೊಸ್ತಿಲಾಚೆ ನಿಂತು
ಯಾವ ಬೀಗಕ್ಕೂ ಆಗದ ಕೀಲಿಗೊಂಚಲು ತಿರುಗಿಸುತ್ತಾನೆ.
ಬೈಗುಳ ನೆನೆಹಾಕಿ ಇಟ್ಟಿದ್ದೆ, ಹೆಸರುಕಾಳಿನ ಹಾಗೆ,
ಮೊಳಕೆಯೂ ಬಂದಿತ್ತು.
ಮೊನ್ನೆ ಬಾಯಿ ತೆರೆದರೆ ಬಂದದ್ದು
"ಕೂತ್ಕೋ."
ಕೂತ.
ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯ ಆಚೆ ತುದಿ ತೆಗೆದುಕೊಂಡು
ಬಿಗಿಯಾಗಿ ಹಿಡಿದ,
ನಾನು ಈ ಮನೆ ತುಂಬಿದ ವರ್ಷ,
ಒಂಬತ್ತರ ಹುಡುಗ, ಹಿಡಿಯುತ್ತಿದ್ದ ಹಾಗೆ.
ಮಾತಾಡಲಿಲ್ಲ ಇಬ್ಬರೂ.
ಸುಮಾರು ಮುನ್ನೂರು ಗಂಟು ಆಯಿತು.

ಚಹಾ ಆರುತ್ತಿದೆ, ಕುಡಿಯಿರಿ.
ಸಹಿ ಎಲ್ಲಿ? ಇಲ್ಲೇ?
ಇರಿ, ಅವಸರ ಮಾಡಬೇಡಿ,
ಈ ಸಲ ಓದುತ್ತೇನೆ.
ಕನ್ನಡಕ ಆ ಫ್ರಿಜ್ಜಿನ ಮೇಲಿದೆ, ಕೊಡಿ.
ಅದನ್ನೂ ಬರೆದುಕೊಂಡಿರಾ?