ಹನ್ನೊಂದನೇ ಕಾಲಂ

ಹೊನ್ನೇಕೊಪ್ಪಲು, ಅರಕಲಗೂಡು ತಾಲ್ಲೂಕು.
ಒಂದರಿಂದ ಎಂಬತ್ತಮೂರು ಮನೆ ನನ್ನ ಪಾಲಿಗೆ.
ಹದಿನೆಂಟು ದಾಟಿದವರು ಎಲ್ಲಿಯವರೆಗೆ ಓದಿದ್ದಾರೆ,
ಹನ್ನೊಂದನೇ ಕಾಲಂ, ಅಂಕಿಯಲ್ಲೇ ಬರೆಯತಕ್ಕದ್ದು.
ಸೊನ್ನೆ ಅಂದರೆ ಏನೂ ಇಲ್ಲ, ಒಂದು ಅಂದರೆ ರುಜು ಮಾತ್ರ,
ಮೂರಕ್ಕೆ ಏಳನೇ ಕ್ಲಾಸು,
ಹೀಗೆ ಹತ್ತಿ ಹತ್ತಿ ಏಳಕ್ಕೆ ಪದವಿ.
ಏಳು ಬರೆಯುವ ಪ್ರಸಂಗ ನಿಮಗೆ ಬರಲಿಕ್ಕಿಲ್ಲ ಅಂತ
ತರಬೇತಿಯಲ್ಲಿ ಸಾಹೇಬರು ನಕ್ಕರು.
ನಾವೂ ನಕ್ಕೆವು.

ಮೊದಲ ಮನೆಯಲ್ಲೇ ಪೆನ್ನು ತಡೆಯಿತು.
ಜವರೇಗೌಡ, ಐವತ್ತೊಂದು.
"ಎಸ್ಸೆಸ್ಸೆಲ್ಸಿ ಆಗೈತೆ ಮೇಡಂ."
ಆಗಿದೆ ಅಂದರೆ ಪಾಸೇ?
"ಆಗೈತೆ."
ಒಳಗಿನಿಂದ ಹೆಂಡತಿ: "ಗಣಿತ ಮೂರು ಸಲ ಆಗೈತೆ!"
ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ಅವನ ರಾತ್ರಿಗಳು,
ಟಾರ್ಚು ಬಿಟ್ಟು ಗಾಜಿನೊಳಗಿನ ಪಾದರಸ ನೋಡುತ್ತಾ
ಗಂಟೆಗೆ ಎರಡರಂತೆ ಏರಿಸಿ, ನಿಲ್ಲಿಸಿ, ಮತ್ತೆ ಏರಿಸಿ.
"ನಂಗೆ ಬಂದಿದ್ದು ಇದೊಂದೇ ಡಿಗ್ರಿ, ಬರ್ಕಳಿ."

ದ್ಯಾವೀರಮ್ಮ. ವಯಸ್ಸು, ನೀವೇ ಹಾಕ್ಕಳಿ.
ಲಾಟೀನಿನ ಕಾಲದ ರಾತ್ರಿ ಶಾಲೆಯಲ್ಲಿ ಕಲಿತ ಹೆಸರು,
ನನ್ನೆದುರೇ ಬರೆದು ತೋರಿಸಿದಳು: ದಾವೀರಮ.
ಒತ್ತು ಬಿಟ್ಟಿದೆಯಲ್ಲಮ್ಮಾ, ಎರಡು ಕಡೆ.
"ಗೊತ್ತು ಕಣವ್ವ. ಬ್ಯಾಂಕಲ್ಲಿ ಹಿಂಗೇ ಕೊಟ್ಬುಟ್ಟೆ.
ಮೊಮ್ಮಗ ತಿದ್ದಿ ಕಲಿಸ್ದ.
ಸರಿ ಬರೆದ ದಿನ ಸಂಘದ ದುಡ್ಡು ಕೊಡ್ಲಿಲ್ಲ."
ಇಪ್ಪತ್ತೆರಡು ವರ್ಷದ ಮೇಷ್ಟರಿಕೆ ನನ್ನದು;
ಕೆಂಪು ಪೆನ್ನಿನ ಮುಚ್ಚಳ ಮುಚ್ಚಿಟ್ಟುಕೊಂಡೆ.

ಕೇರಿಯ ಕೊನೆಯಲ್ಲಿ ಮಾಳಿಗಯ್ಯ, ಎಪ್ಪತ್ತರ ಮೇಲೆ.
"ನಾಕನೇ ಕ್ಲಾಸು. ಆದ್ರೆ ಜಗಲಿ ಮೇಲೆ ಕೂತು,
ಕಿಟಕಿ ಮುಚ್ಚಿದ ದಿನ ಕೇಳ್ತಿರ್ಲಿಲ್ಲ.
ಅದ್ಕೆ ನಂಬರ್ ಐತಾ?"
ಎರಡು ಅಂತ ಬರೆದೆ.
ಎರಡರ ಬಾಲ ಅದೇಕೋ ಕಾಲಂನಿಂದ ಹೊರಗೆ ಹೋಯಿತು.

ನಲವತ್ತಾರನೇ ಮನೆ. ಉತ್ತರವೆಲ್ಲ ಅತ್ತೆಯದು.
"ನನ್ನ ಮಗ ಎಂಟು. ಸೊಸೆ ಏಳು."
ಎಂಟಕ್ಕೆ ಬೇರೆ ಅಂಕಿಯಿಲ್ಲ,
ಗಂಡನಿಗೂ ಮೂರು, ಹೆಂಡತಿಗೂ ಮೂರು.
ಸೊಸೆ ಸುಕನ್ಯ ಲೋಟ ತೊಳೆಯುತ್ತಿದ್ದಳು, ತಲೆಯೆತ್ತಲಿಲ್ಲ.

ಕಣದ ಹತ್ತಿರ ಹಿಂದಿನಿಂದ ಓಡಿಬಂದಳು,
ಮರೆತುಹೋದ ನನ್ನ ಛತ್ರಿ ಕೈಯಲ್ಲಿ.
ನಾನು ಮರೆತಿರಲಿಲ್ಲ. ಅವಳೇ ತೆಗೆದಿಟ್ಟಿದ್ದಳೇನೋ.
"ಬಿ.ಎ. ಮೇಡಂ. ಹೊಳೆನರಸೀಪುರ. ಸೆಕೆಂಡ್ ಕ್ಲಾಸು.
ಗಂಡು ಎಂಟು ಅಂತ ಗೊತ್ತಾದ ಸಾಯಂಕಾಲ
ನಮ್ಮಪ್ಪ ನನ್ನ ಏಳಕ್ಕೆ ಇಳಿಸಿದ್ರು."
ಹದಿಮೂರು ವರ್ಷವಾಯಿತಂತೆ.
ಬಸ್ಸಿನ ಬೋರ್ಡು ಪಕ್ಕದವರನ್ನು ಕೇಳುವುದು,
ಕರೆಂಟಿನ ಬಿಲ್ಲನ್ನು ಅವರು ಕೂಡಿಸಿ ಕೂಡಿಸಿ ಓದುವಾಗ
ಬಾಯಿಗೆ ಬಂದ ಅಕ್ಷರ ನುಂಗುವುದು.
"ಒಳ್ಳೇವ್ರು ಮೇಡಂ ಅವ್ರು.
ಅದ್ಕೇ ಹೇಳಕ್ಕಾಗಲ್ಲ.
ಎಲ್ಲಾದ್ರೂ ಒಂದು ಕಡೆ ಇರ್ಲಿ ಅಂತ."

ಮೂರನ್ನು ಹೊಡೆದು ಏಳು ಬರೆದೆ,
ನಿಯಮದ ಪ್ರಕಾರ ಪಕ್ಕದಲ್ಲಿ ನನ್ನ ಚಿಕ್ಕ ರುಜು.

ವಾರದ ಮೇಲೆ ತಾಲ್ಲೂಕು ಕಚೇರಿಯಿಂದ ಫೋನು:
"ನಿಮ್ಮ ಕೊಪ್ಪಲಲ್ಲಿ ಪದವಿ ಒಂದು ತೋರಿಸ್ತಿದೆ. ಹೆಂಗಸು.
ತಪ್ಪಿರಬೇಕು, ತಿದ್ದಿದ್ದೀರಿ ಬೇರೆ."
ತಿದ್ದಿದ್ದೇ ಸರಿ ಸಾರ್, ಅಂದೆ.
ಆ ಕಡೆ ಯಾರೋ ಟೀ ತಂದರು, ಫೋನು ಇಟ್ಟರು.

ಮೊನ್ನೆ ಅವಳ ಮಗಳ ಪ್ರಗತಿಪತ್ರ ವಾಪಸು ಬಂತು.
ಪೋಷಕರ ಸಹಿ ಜಾಗದಲ್ಲಿ ಸುಕನ್ಯ,
ಏಳನೇ ಕ್ಲಾಸಿನ ಕೈ, ಬಿಡಿ ಬಿಡಿ, ಗುಂಡು ಗುಂಡು,
ಗೆರೆಗೆ ಅಂಟಿಕೊಂಡು ಹೆದರಿ ನಡೆದ ಅಕ್ಷರ.
ಕೊನೆಯ ಯ ಒತ್ತಿನಲ್ಲಿ ಮಾತ್ರ
ಏನೋ ಮರೆತು
ಕೈ ಓಡಿಬಿಟ್ಟಿದೆ.