ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ

ಶಿಡ್ಲಘಟ್ಟ, ತಾಲ್ಲೂಕು ಕಚೇರಿ ಎದುರು,
ಎಂಟಡಿಗೆ ಆರಡಿಯ ಅಂಗಡಿ ನನ್ನದು.
ಒಂದು ಕಂಪ್ಯೂಟರು, ಗೂರಲು ಕೆಮ್ಮಿನ ಜೆರಾಕ್ಸು.
ಗಾಳಿ ತಿರುಗಿದರೆ ಬೆಂದ ಹುಳುವಿನ ವಾಸನೆ.
ಪುಟಕ್ಕೆ ಮೂವತ್ತು. ತಿದ್ದುಪಡಿ
ಮೂರು ಸಲದ ತನಕ ಪುಕ್ಕಟೆ.

ಸೋಮವಾರ ರೀಲರುಗಳ ಸಂಘ.
ಕಾರ್ಯದರ್ಶಿ ಅಮಾನುಲ್ಲಾ ನಿಂತೇ ಬರೆಸುತ್ತಾರೆ,
ಕೂತರೆ ಕೋಪ ಇಳಿಯುತ್ತದಂತೆ.
"ಗೂಡು ಮುಟ್ಟಿದರೆ ಕೈ ಸುಡುತ್ತೆ, ನೂಲು ಕೇಳೋರಿಲ್ಲ,
ಒಲೆ ಆರಿಸಿ ಸಾಯೋದೊಂದು ಬಾಕಿ ಅಂತ ಹಾಕಮ್ಮ."
"ತೀವ್ರ ಸಂಕಷ್ಟದಲ್ಲಿರುತ್ತೇವೆ" ಅಂತ ಹಾಕುತ್ತೇನೆ.

ಗುರುವಾರ ಗೂಡು ಬೆಳೆಗಾರರ ಸಂಘ.
ಪಿಳ್ಳಪ್ಪನವರ ಟವಲಿಗೆ ಹಿಪ್ಪುನೇರಳೆ ಎಲೆಯ ಚೂರು.
"ಮೊಬೈಲಿನ ಹರಾಜಲ್ಲೂ ಅವರವರೇ ಮಾತಾಡಿಕೊಂಡು
ಬೆಲೆ ನೆಲಕ್ಕೆ ಬಡಿದರು ಅಂತ ಬರಿ."
ಸೋಮವಾರದ ಫೈಲು ತೆರೆಯುತ್ತೇನೆ.
ಏರಿಕೆ ಇದ್ದಲ್ಲಿ ಇಳಿಕೆ, ಅವರಿದ್ದಲ್ಲಿ ಇವರು;
ಮಾನ್ಯರೇ, ತೀವ್ರ ಸಂಕಷ್ಟ, ತಮ್ಮ ಅವಗಾಹನೆ
ಇದ್ದಲ್ಲೇ ಇರುತ್ತವೆ.
ಒಮ್ಮೆ ಒಂದು ಏರಿಕೆ ಕಣ್ತಪ್ಪಿ ಹಾಗೇ ಹೋಯಿತು,
ಬೆಳೆಗಾರರೇ ಬೆಲೆ ಏರದಂತೆ ತಡೆಯಿರಿ ಅಂದಂತಾಯಿತು.
ಅದರ ಮೇಲೂ ಹಸಿರು ಶಾಯಿ ಬಿದ್ದು ಬಂತು:
"ಪರಿಶೀಲಿಸಿ ಮಂಡಿಸಿ."

ಮಂದಿ ಹೇಗೆ ಸೇರಿದರು, ಅದೂ ಗೊತ್ತು;
ರಸೀತಿ ಪುಸ್ತಕ ಅಚ್ಚಾದದ್ದು ಇಲ್ಲೇ.
ಒಗ್ಗಟ್ಟಿನ ಕರಪತ್ರ ಹಂಚಿದ ವರ್ಷ
ಹತ್ತೊಂಬತ್ತು ರಸೀತಿ ಹರಿದವು.
"ಬೆಲೆ ಸರಿಹೋದರೆ ನನಗೂ ಸರಿಹೋಗುತ್ತಲ್ಲ,
ಇನ್ನೂರು ಯಾಕೆ ಕೊಡಲಿ?" ಅಂದ ಕೊನೇ ಗಲ್ಲಿಯ ಜಿಲಾನಿ.
ತಪ್ಪೇನು, ಪೂಜೆಗೆ ಕಾಸು ಕೊಡದವನ ಹೊಲಕ್ಕೂ
ಮಳೆ ಬೀಳುತ್ತದೆ.
ಮರುವರ್ಷ ಅಮಾನುಲ್ಲಾ ಉಪಾಯ ತೆಗೆದರು:
ಸೌದೆ ಲಾರಿ ಮೊದಲು ಸದಸ್ಯರ ಬಾಗಿಲಿಗೆ,
ಟನ್ನಿಗೆ ನೂರು ಕಡಿಮೆ,
ಮಾರುಕಟ್ಟೆ ರಜೆ ಕೆಂಪಲ್ಲಿ ಮೂಡಿದ ಕ್ಯಾಲೆಂಡರು.
ಹೋರಾಟಕ್ಕೆ ಹತ್ತೊಂಬತ್ತು, ಸೌದೆಗೆ ನಾನೂರ ಆರು.
ಸಾಲಿನಲ್ಲಿ ಮೊದಲು ಜಿಲಾನಿ.
ಆ ಸೌದೆಯವರನ್ನೇ ನಾಲ್ಕು ಬಸ್ಸಿಗೆ ತುಂಬಿ
ವಿಧಾನಸೌಧದ ಕಡೆ ಒಯ್ದರು.
ಫೋಟೋದಲ್ಲಿ ಸೌದೆ ಕಾಣುವುದಿಲ್ಲ,
ತಲೆ ಕಾಣುತ್ತದೆ.

ಇನ್ನೊಬ್ಬ ಬಂದಿದ್ದ. ಒಂದೇ ಸಲ,
ಕಾರಿನ ಎಂಜಿನ್ನು ಆರಿಸದೆ.
ಲೆಟರ್‌ಹೆಡ್ಡಿಲ್ಲ, ಸೀಲಿಲ್ಲ, ಮಾನ್ಯರೇ ಇಲ್ಲ.
ಬೇಕಾದದ್ದು ಒಂದು ಸಾಲು:
ಸ್ವಯಂಚಾಲಿತ ಯಂತ್ರಗಳಿಗೆ ಮಾತ್ರ ರಿಯಾಯಿತಿ.
ಅವಸರದಲ್ಲಿ ಶಿಫ್ಟ್ ಒತ್ತಿಹೋಗಿ
ಚಾಲಿತದ ತ ಇದ್ದದ್ದು ಥ ಆಯಿತು.
ಐನೂರು ಕೊಟ್ಟ, ಚಿಲ್ಲರೆಗೆ ಕಾಯಲಿಲ್ಲ.

ನಾಲ್ಕು ತಿಂಗಳಿಗೆ ಸರ್ಕಾರಿ ಆದೇಶ ಬಂತು, ಜೆರಾಕ್ಸಿಗೆ.
ಎರಡನೇ ಪುಟ, ಕೆಳಗಿನಿಂದ ಐದನೇ ಸಾಲು:
ಅದೇ "ಮಾತ್ರ".
ಅದೇ ನನ್ನ ಥ.
ಅಮಾನುಲ್ಲಾ, ಪಿಳ್ಳಪ್ಪ, ಜೀವಮಾನದಲ್ಲಿ ಮೊದಲ ಸಲ
ಅಕ್ಕಪಕ್ಕ ನಿಂತು ನಲವತ್ತು ಪ್ರತಿ ಕೇಳಿದರು.
ತೆಗೆದು ಕೊಟ್ಟೆ.
ಬಾಯಿ ಬಿಡಲಿಲ್ಲ.

ಖಮರುನ್ನೀಸಾ ಬರುವುದು ರೇಷನ್ ಕಾರ್ಡಿಗೆ.
ಹದಿನೇಳು ವರ್ಷ ಕುದಿನೀರಲ್ಲಿ ಎಳೆ ಹುಡುಕಿದ ಬೆರಳು;
ಹೆಬ್ಬೆಟ್ಟಿನ ಗೆರೆ ನೂಲಿನ ಜೊತೆಗೇ ಬಿಚ್ಚಿಹೋಗಿ
ಯಂತ್ರ ಅವಳನ್ನು ಗುರುತಿಸುವುದಿಲ್ಲ.
ನಿನ್ನೆ ಕೇಳಿದಳು:
"ಅಕ್ಕಾ, ನೀರಲ್ಲಿ ಕೈ ಇಡೋರದ್ದೊಂದು ಸಂಘ ಮಾಡೋಕೆ
ಎಷ್ಟಾಗುತ್ತೆ?"
ಕನಿಷ್ಠ ಏಳು ಜನ ಬೇಕು, ಅಂದೆ,
ಒಂದು ಸಭೆ, ಒಂದು ನಡಾವಳಿ ಪುಸ್ತಕ.
"ಸಭೆ ಯಾವಾಗ? ಬೆಳಿಗ್ಗೆ ಐದಕ್ಕೆ ಒಲೆ,
ಸಂಜೆ ಮಕ್ಕಳು." ನಕ್ಕಳು.
ಸೌದೆ ಕೊಡಲು ಅವಳ ಬಳಿ ಲಾರಿಯಿಲ್ಲ,
ಕ್ಯಾಲೆಂಡರಿನ ಕೆಂಪು ದಿನ ಅವಳಿಗೆ ಕೂಲಿಯಿಲ್ಲದ ದಿನ.

ಆದರೂ ಹೊಸ ಫೈಲು ತೆರೆದೆ.
ಇಂದ, ಅಂತ ಹೊಡೆದು ನಿಂತೆ.
ಅವಳು ಹೆಸರು ಹೇಳಿದಳು, ಬೆರಳು ಮಡಚುತ್ತಾ,
ಮಡಚದ ಬೆರಳನ್ನು ಇನ್ನೊಂದು ಕೈಯಿಂದ ಮಡಚುತ್ತಾ:
ದಿಲ್ಷಾದ್, ಗೌರಮ್ಮ, ಚೋಟಿ ಬಿ, ವೆಂಕಟಲಕ್ಷ್ಮಿ, ಮುಬೀನಾ.
ತನ್ನದು ಸೇರಿ ಆರು.

ಏಳನೆಯದು ಯಾರೆಂದು
ಅವಳೂ ಕೇಳಲಿಲ್ಲ, ನಾನೂ.
ಪುಟಕ್ಕೆ ಮೂವತ್ತು, ಅಂದೆ, ರೂಢಿಗೆ.
ಅಷ್ಟರಲ್ಲಿ ಕರೆಂಟು ಹೋಯಿತು.
ಉಳಿಸಿದ್ದೆನೋ ಇಲ್ಲವೋ,
ನೆನಪಾಗುತ್ತಿಲ್ಲ.